ತಾಯಿಯ ನಿದ್ರೆ ಮತ್ತು ಮನೆಯ ನೆಮ್ಮದಿ

ಎಲ್ಲರಿಗಿಂತ ಮೊದಲು ಏಳುವವಳು, ಎಲ್ಲರ ನಂತರ ಮಲಗುವವಳು ಎಂದು ತಾಯಿಯನ್ನು ಹೊಗಳುವುದು ನಮ್ಮಲ್ಲಿ ರೂಢಿ. ಲೆಕ್ಕ ಹಾಕಿದರೆ ಅದು ಹೊಗಳುವ ವಿಷಯವಲ್ಲ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ರಾತ್ರಿ 11ಕ್ಕೆ ಮಲಗಿ ಬೆಳಿಗ್ಗೆ 4.30ಕ್ಕೆ ಎದ್ದರೆ ಸಿಗುವುದು ಐದೂವರೆ ಗಂಟೆ, ಅಂದರೆ ವಾರಕ್ಕೆ ಹತ್ತೂವರೆ ಗಂಟೆ ಬಾಕಿ. ಅಂಗಡಿಯಲ್ಲಿ ಇಂಥ ಬಾಕಿಯನ್ನು ಯಾರೂ ಬೆಳೆಯಲು ಬಿಡುವುದಿಲ್ಲ.

ಜೈನ ಮನೆಗಳಲ್ಲಿ ಇದಕ್ಕೆ ನಮ್ಮದೇ ಆದ ಕಾರಣವೊಂದಿದೆ. ರಾತ್ರಿಭೋಜನ ತ್ಯಾಗವನ್ನು ಮನೆಯವರೆಲ್ಲ ಪಾಲಿಸಿದರೆ ಕತ್ತಲಾಗುವಷ್ಟರಲ್ಲಿ ಅಡುಗೆಮನೆ ಕೆಲಸ ಮುಗಿಯುತ್ತದೆ. ತಾಯಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಆದರೆ ಈಗ ಅರ್ಧ ಪಾಲನೆಯೇ ಹೆಚ್ಚು. ಅತ್ತೆ ಮಾವನವರಿಗೆ ಸೂರ್ಯಾಸ್ತದ ಮೊದಲು ಊಟ, ಟ್ಯೂಷನ್ ಮುಗಿಸಿ ಬಂದ ಮಕ್ಕಳಿಗೆ ಎಂಟಕ್ಕೆ, ಅಂಗಡಿ ಮುಚ್ಚಿ ಬರುವ ಯಜಮಾನರಿಗೆ ಒಂಬತ್ತೂವರೆಗೆ ಮತ್ತೆ ಬಿಸಿ ರೊಟ್ಟಿ. ವ್ರತ ಇಬ್ಬರದು, ದುಡಿಮೆ ಒಬ್ಬಳದು. ಶೋಧದ ಅಡುಗೆ ಇರುವ ಮನೆಯಲ್ಲಿ ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ನೀರು ಸೋಸಬೇಕು, ಕಾಯಿಸಬೇಕು. ಚಾತುರ್ಮಾಸದಲ್ಲಿ ಊರಿಗೆ ಮುನಿಗಳು ಬಂದರೆ ಆಹಾರದಾನದ ತಯಾರಿ ಬೇರೆ. ದಶಲಕ್ಷಣ ಪರ್ವದ ಮೊದಲ ದಿನ ಬೆಳಿಗ್ಗೆ ಮೂರಕ್ಕೆ ಎದ್ದ ಸೊಸೆ ಉತ್ತಮ ಕ್ಷಮೆಯ ಪ್ರವಚನದಲ್ಲಿ ತೂಕಡಿಸಿದರೆ ತಪ್ಪು ಯಾರದು?

ನಿದ್ರೆ ಕೆಟ್ಟಾಗ ಮೊದಲು ಹೋಗುವುದು ತಾಳ್ಮೆ, ನಂತರ ನೆನಪು. ಹಾಲು ಉಕ್ಕುತ್ತದೆ, ಮಗುವಿನ ಶಾಲೆಯ ಚೀಟಿ ಮರೆತುಹೋಗುತ್ತದೆ, ಸಣ್ಣ ಮಾತಿಗೆ ರೇಗಾಟ. ಮನೆಯವರು ಅದನ್ನು ಸ್ವಭಾವ ಎನ್ನುತ್ತಾರೆ. ಮಕ್ಕಳು ಅಮ್ಮನಿಂದ ದೂರ ಸರಿದು ಮೊಬೈಲ್ ಹಿಡಿದು ತಾವೂ ತಡವಾಗಿ ಮಲಗುತ್ತಾರೆ. ಬೆಳಿಗ್ಗೆ ಅವರನ್ನು ಎಬ್ಬಿಸುವ ಜಗಳವೂ ತಾಯಿಗೇ.

ಸಾಧುಗಳು ಕಡಿಮೆ ನಿದ್ರಿಸುವುದಿಲ್ಲವೇ ಎಂದು ಕೆಲವು ಹಿರಿಯರು ಕೇಳುತ್ತಾರೆ. ಭೂಶಯನ ಮುನಿಗಳ 28 ಮೂಲಗುಣಗಳಲ್ಲಿ ಒಂದು. ಶ್ರಾವಕಿಯ 5 ಅಣುವ್ರತಗಳಲ್ಲಿ ನಿದ್ರೆಗೆಡುವುದು ಇಲ್ಲ.

ಎಷ್ಟೋ ವ್ಯಾಪಾರಿಗಳು ಸಂಜೆಯ ಊಟವನ್ನು ಕ್ಯಾರಿಯರ್‌ನಲ್ಲಿ ಅಂಗಡಿಗೇ ತರಿಸಿ ಸೂರ್ಯಾಸ್ತದೊಳಗೆ ಮುಗಿಸುತ್ತಾರೆ. ಇದರಿಂದ ನಿಯಮವೂ ಉಳಿಯುತ್ತದೆ, ಮನೆಯಲ್ಲಿ ಎರಡನೇ ಅಡುಗೆಯೂ ತಪ್ಪುತ್ತದೆ. ಡಿಸೆಂಬರ್‌ನಲ್ಲಿ ಆರು ಗಂಟೆಯ ಹೊತ್ತಿಗೇ ಸೂರ್ಯ ಮುಳುಗುವುದರಿಂದ ಕ್ಯಾರಿಯರ್ ಐದಕ್ಕೇ ಹೊರಡಬೇಕು. ಹಿಟ್ಟು ಬೀಸಿಸುವುದು, ನೀರು ಸೋಸುವುದು ಗಂಡಸರೂ ಮಾಡಬಹುದಾದ ಕೆಲಸ. ತಾಯಿ ಉಪವಾಸ ಮಾಡಿದ ದಿನ ಅವಳಿಗೆ ಒಲೆಯ ಕೆಲಸ ಬೇಡ. ಸಂಜೆ ನಾಲ್ಕರ ನಂತರ ಚಹಾ ಬಿಟ್ಟರೆ ಹಲವರಿಗೆ ಬೇಗ ನಿದ್ರೆ ಹತ್ತುತ್ತದೆ.

ಕೆಲಸ ಹಗುರವಾದರೂ ನಿದ್ರೆ ಬಾರದಿದ್ದರೆ ಅದು ಬೇರೆ ವಿಷಯ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗೇ ಆದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎಂದು ಪರಿಗಣಿಸುತ್ತಾರೆ. ಅಷ್ಟು ದಿನ ಕಾಯಲೇಬೇಕೆಂದಿಲ್ಲ. ಮಲಗಿದಾಗ ಕಾಲು ಸುಮ್ಮನಿರದೆ ಎಳೆದಂತಾಗುವುದಕ್ಕೆ ಕಬ್ಬಿಣಾಂಶದ ಕೊರತೆ ಕಾರಣವಿರಬಹುದು, ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಥೈರಾಯ್ಡ್, ಮುಟ್ಟು ನಿಲ್ಲುವ ಕಾಲ, ಉಸಿರು ನಿಂತು ನಿಂತು ಬರುವ ಗೊರಕೆ ಇವೂ ನಿದ್ರೆ ಕೆಡಿಸುತ್ತವೆ. ಮೆಡಿಕಲ್ ಸ್ಟೋರಿನಿಂದ ತಾವೇ ನಿದ್ರೆ ಮಾತ್ರೆ ತರಬೇಡಿ. ಬಾಣಂತಿಯು ಮಗು ಮಲಗಿದಾಗಲೂ ನಿದ್ರೆ ಬರುತ್ತಿಲ್ಲ ಎಂದು ಅಳುತ್ತಿದ್ದರೆ ದೃಷ್ಟಿ ತೆಗೆದು ಸುಮ್ಮನಾಗದೆ, ಅದೇ ವಾರ ವೈದ್ಯರ ಬಳಿ ಕರೆದುಕೊಂಡು ಹೋಗಿ.