ವೇಲ್ಸ್‌ನ ಸ್ವಾಯತ್ತತೆ: ಜನಾಭಿಪ್ರಾಯ ಮತ್ತು ಪಕ್ಷಗಳ ನಿಲುವು

ವೇಲ್ಸ್ ಯುನೈಟೆಡ್ ಕಿಂಗ್‌ಡಮ್‌ನ ನಾಲ್ಕು ಘಟಕಗಳಲ್ಲಿ ಒಂದು. ಇದರ ಸ್ವಾಯತ್ತತೆಯ ಪ್ರಶ್ನೆಯನ್ನು 1979, 1997 ಮತ್ತು 2011ರಲ್ಲಿ ಜನಮತಗಣನೆಗೆ ಒಡ್ಡಲಾಯಿತು. ಶಾಸನಸಭೆಗೆ ಜನಬೆಂಬಲ ಗಟ್ಟಿಯಾದದ್ದು ಅದು ಸ್ಥಾಪನೆಯಾದ ನಂತರ ಎಂಬುದು ಈ ಇತಿಹಾಸದ ವಿಶೇಷ.

1979ರ ತಿರಸ್ಕಾರ

ಪ್ರಸ್ತಾವವನ್ನು ಮುಂದಿಟ್ಟದ್ದು ಲೇಬರ್ ಸರ್ಕಾರ. ಆದರೆ ನೀಲ್ ಕಿನಾಕ್ ಸೇರಿದಂತೆ ಅದೇ ಪಕ್ಷದ ಕೆಲವು ಸಂಸದರು ಬಹಿರಂಗವಾಗಿ ವಿರೋಧಿಸಿದರು. ಕನ್ಸರ್ವೇಟಿವ್ ಪಕ್ಷವೂ ವಿರುದ್ಧವಾಗಿತ್ತು. ಭಾಷೆಯ ಭೀತಿ ಎರಡೂ ಕಡೆ ಇತ್ತು: ವೆಲ್ಶ್ ಭಾಷಿಕರ ಹಿಡಿತಕ್ಕೆ ಸಿಲುಕುತ್ತೇವೆಂದು ಇಂಗ್ಲಿಷ್ ಮಾತನಾಡುವ ದಕ್ಷಿಣದವರು ಅಂಜಿದರೆ, ಜನಸಂಖ್ಯೆ ಹೆಚ್ಚಿರುವ ದಕ್ಷಿಣವೇ ತಮ್ಮನ್ನು ಆಳುತ್ತದೆಂದು ವಾಯವ್ಯದವರು ಅಂಜಿದರು. ಸುಮಾರು ಶೇ. 80ರಷ್ಟು ಮತಗಳು ವಿರುದ್ಧವಾಗಿ ಬಿದ್ದವು. ವೆಲ್ಶ್ ಭಾಷೆಯ ನೆಲೆಯಾದ ಗ್ವಿನೆಧ್ ಸಹ ಒಪ್ಪಲಿಲ್ಲ.

1997ರ ಅಲ್ಪ ಬಹುಮತ

1979ರಿಂದ 18 ವರ್ಷ ಕನ್ಸರ್ವೇಟಿವ್ ಸರ್ಕಾರಗಳು ಆಳಿದವು. ಗಣಿಗಳು ಮುಚ್ಚಿದವು. ವೇಲ್ಸ್‌ನ ಬಹುಸಂಖ್ಯಾತರು ಮತ ನೀಡದ ಪಕ್ಷವೇ ಅಲ್ಲಿನ ಆಡಳಿತ ನಡೆಸುತ್ತಿದ್ದುದರಿಂದ ಅಭಿಪ್ರಾಯ ಬದಲಾಯಿತು. 1997ರ ಸೆಪ್ಟೆಂಬರ್ 18ರಂದು ಶೇ. 50.3ರಷ್ಟು ಮತದಾರರು ಒಪ್ಪಿಗೆ ನೀಡಿದರು. ಅಂತರ ಕೇವಲ 6,721 ಮತಗಳು. ಕೊನೆಯಲ್ಲಿ ಪ್ರಕಟವಾದ ಕಾರ್ಮಾರ್ಥೆನ್‌ಶೈರ್ ಫಲಿತಾಂಶವೇ ನಿರ್ಣಾಯಕವಾಯಿತು. ಮುಂದೆ ಶಾಸನಸಭೆಯ ನೆಲೆಯಾದ ಕಾರ್ಡಿಫ್ ನಗರವೂ ವಿರುದ್ಧವಾಗಿ ಮತ ಹಾಕಿತ್ತು!

ಪಕ್ಷಗಳ ನಿಲುವು

ಪ್ಲೈಡ್ ಕಮ್ರಿ (ಸ್ಥಾಪನೆ 1925) ಸ್ವಾಯತ್ತತೆಯನ್ನು ಸ್ವಾತಂತ್ರ್ಯದೆಡೆಗಿನ ಮೆಟ್ಟಿಲೆಂದು ಭಾವಿಸುತ್ತದೆ. ಲಿಬರಲ್ ಡೆಮಾಕ್ರಟ್ ಪಕ್ಷದ ಒಲವು ಒಕ್ಕೂಟ ವ್ಯವಸ್ಥೆಯ ಕಡೆಗೆ. ಲೇಬರ್ ಪಕ್ಷದ ಒಳಗಿನ ಭಿನ್ನಮತ ಕ್ರಮೇಣ ತಣ್ಣಗಾಯಿತು. ಎಲ್ಲಕ್ಕಿಂತ ದೊಡ್ಡ ತಿರುವು ಕನ್ಸರ್ವೇಟಿವ್ ಪಕ್ಷದ್ದು. 1997ರ ಸಂಸತ್ ಚುನಾವಣೆಯಲ್ಲಿ ವೇಲ್ಸ್‌ನ ಒಂದು ಸ್ಥಾನವನ್ನೂ ಗೆಲ್ಲದ ಈ ಪಕ್ಷಕ್ಕೆ, ತಾನು ವಿರೋಧಿಸಿದ್ದ ಶಾಸನಸಭೆಯ 60 ಸ್ಥಾನಗಳಲ್ಲಿ 1999ರಲ್ಲಿ 9 ದೊರೆತವು. ಅವುಗಳಲ್ಲಿ 8 ಪ್ರಾತಿನಿಧ್ಯ ಪ್ರಮಾಣವನ್ನು ಸರಿದೂಗಿಸುವ ಪ್ರಾದೇಶಿಕ ಪಟ್ಟಿಯ ಸ್ಥಾನಗಳು. ಅಲ್ಲಿಂದ ಮುಂದೆ ವಿರೋಧ ಮೆತ್ತಗಾದದ್ದು ಸಹಜವೇ.

2011 ಮತ್ತು ನಂತರ

ಶಾಸನಸಭೆಗೆ ವಹಿಸಿದ್ದ 20 ವಿಷಯಗಳಲ್ಲಿ ಲಂಡನ್ನಿನ ಸಂಸತ್ತಿನ ಅನುಮತಿಯಿಲ್ಲದೆ ಕಾನೂನು ರಚಿಸುವ ಅಧಿಕಾರಕ್ಕೆ 2011ರಲ್ಲಿ ಶೇ. 63.5ರಷ್ಟು ಒಪ್ಪಿಗೆ ದೊರೆಯಿತು. 22 ಸ್ಥಳೀಯಾಡಳಿತ ಪ್ರದೇಶಗಳಲ್ಲಿ ಮನ್ಮತ್‌ಶೈರ್ ಒಂದೇ ವಿರುದ್ಧ ನಿಂತಿತು. ಆದರೆ ಮತ ಚಲಾಯಿಸಿದವರು ಶೇ. 35.6 ಮಾತ್ರವಾದ್ದರಿಂದ ಇದನ್ನು ಉತ್ಸಾಹವೆನ್ನುವುದಕ್ಕಿಂತ ಸಮ್ಮತಿ ಎನ್ನುವುದು ಸೂಕ್ತ. 2020ರಲ್ಲಿ ಸಭೆಗೆ 'ಸೆನೆಧ್' ಎಂಬ ಹೆಸರು ಬಂದಿತು. ಅದನ್ನೇ ರದ್ದುಗೊಳಿಸಬೇಕೆಂದು ಹುಟ್ಟಿದ ಪಕ್ಷವು 2021ರ ಚುನಾವಣೆಯಲ್ಲಿ ಒಂದೂ ಸ್ಥಾನ ಗಳಿಸಲಿಲ್ಲ.