ಜಗಲಿಯ ಮೆಟ್ಟಿಲು ಮತ್ತು ಕೂಸಿನ ಗಾಡಿ

ಹೊಳೆನರಸೀಪುರದ ನಮ್ಮ ಪಿತ್ರಾರ್ಜಿತ ಮನೆಗೆ ಬೀದಿಯಿಂದ ಐದು ಮೆಟ್ಟಿಲು. ಬಾಲ್ಯದಲ್ಲಿ ಅವನ್ನು ಎರಡು ನೆಗೆತಕ್ಕೆ ಹತ್ತುತ್ತಿದ್ದ ನನಗೆ ಅವು ಐದು ಎಂಬುದೇ ಅರುವತ್ತು ದಾಟುವವರೆಗೆ ಗಮನಕ್ಕೆ ಬಂದಿರಲಿಲ್ಲ. ಕಳೆದ ದೀಪಾವಳಿಗೆ ಮಗಳು ತನ್ನ ಎಂಟು ತಿಂಗಳ ಕೂಸನ್ನು ಕರೆದುಕೊಂಡು ಬೆಂಗಳೂರಿನಿಂದ ಬಂದಳು. ಕೂಸಿನೊಡನೆ ಒಂದು ತಳ್ಳುಗಾಡಿಯೂ ಬಂದಿತು. ಹಾಸನದ ನಮ್ಮ ಈಗಿನ ಮನೆಯಲ್ಲಿ ಅದಕ್ಕೆ ತೊಂದರೆಯಾಗಲಿಲ್ಲ. ಹಬ್ಬಕ್ಕೆಂದು ಹಳೆಯ ಮನೆಗೆ ಹೋದಾಗ ಮಾತ್ರ ಅದು ಬೀದಿಯಲ್ಲೇ ನಿಂತುಬಿಟ್ಟಿತು. "ಅಪ್ಪ, ಇದನ್ನ ಮೇಲೆ ಹೇಗೆ ಹತ್ತಿಸೋದು?" ಎಂದು ಮಗಳು ಕೇಳಿದಳು. ಮೂವತ್ತೈದು ವರ್ಷ ಪಾಠ ಹೇಳಿದ ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ದೊರೆತ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಹಳೆಯ ಮನೆಗಳ ಜಗಲಿ ಎತ್ತರವಾಗಿರುವುದಕ್ಕೆ ಕಾರಣಗಳಿವೆ. ಮಳೆಯ ಎರಚಲು ಮಣ್ಣಿನ ಗೋಡೆಗೆ ತಾಗಬಾರದು. ಹಾವು ಚೇಳು ಒಳಗೆ ನುಸುಳಬಾರದು. ನಮ್ಮೂರಂತಹ ಹೊಳೆದಂಡೆಯ ಊರಿನಲ್ಲಿ ಇನ್ನೊಂದು ಕಾರಣವೂ ಇತ್ತು. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅದಕ್ಕೆ ಬಹಳ ಹಿಂದೆಯೇ ಮನೆ ಕಟ್ಟಿಸಿದ ನಮ್ಮ ತಾತನವರು ಹೊಳೆಯನ್ನು ನಂಬದೆ, ಸೈಜುಗಲ್ಲಿನ ಅಡಿಪಾಯವನ್ನು ಮೊಳದ ಮೇಲೆ ಮೊಳ ಏರಿಸಿದರಂತೆ. ಜಗಲಿ ಆ ಕಾಲದ ಕಚೇರಿಯೂ ಹೌದು, ಛತ್ರವೂ ಹೌದು. ದಾರಿಹೋಕರು ಮಲಗುತ್ತಿದ್ದುದು ಅಲ್ಲಿ, ಲೆಕ್ಕಪತ್ರ ನಡೆಯುತ್ತಿದ್ದುದು ಅಲ್ಲಿ. ಸರ್ಕಾರಿ ಶಾಲೆಗಳು ಬರುವ ಮೊದಲು ಕೂಲಿಮಠದ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದುದೂ ಇಂತಹ ಜಗಲಿಗಳಲ್ಲೇ. ಹಾಗೆ ನೋಡಿದರೆ ನನ್ನ ವೃತ್ತಿಯ ತವರು ಜಗಲಿಯೇ.

ಎತ್ತರಕ್ಕೆ ಗೌರವವೂ ಅಂಟಿಕೊಂಡಿತ್ತು. ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನನು ಕಟ್ಟಿಸಿದ ಚೆನ್ನಕೇಶವ ದೇವಾಲಯ ನಿಂತಿರುವುದು ಎತ್ತರದ ಜಗತಿಯ ಮೇಲೆ. ಮೆಟ್ಟಿಲೇರದೆ ಅಲ್ಲಿಗೆ ಪ್ರವೇಶವಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಗೆ ಇಳಿಯುವುದೂ ಮೆಟ್ಟಿಲುಗಳಿಂದಲೇ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಮಿಕ್ಕಿದ ಮೆಟ್ಟಿಲುಗಳಿವೆ. ಹತ್ತಲಾರದ ವೃದ್ಧರನ್ನು ಅಲ್ಲಿ ಡೋಲಿಯಲ್ಲಿ ಕೂರಿಸಿ ಹೊತ್ತೊಯ್ಯುತ್ತಾರೆ. ಮಕ್ಕಳು ತಂದೆಯ ಹೆಗಲ ಮೇಲೆ ಕುಳಿತು ಗೊಮ್ಮಟನನ್ನು ಕಾಣುತ್ತವೆ. ಹತ್ತಲಾರದವರನ್ನು ಯಾರಾದರೂ ಹೊರಬೇಕು ಎಂಬುದು ನಮ್ಮ ನಾಡಿನ ಹಳೆಯ ವ್ಯವಸ್ಥೆ. ಹೊರುವವರು ಸಿಗುತ್ತಿದ್ದುದರಿಂದ ಆ ವ್ಯವಸ್ಥೆ ನಡೆಯಿತು.

ಕೂಸುಗಳ ವಿಷಯದಲ್ಲಂತೂ ಹೊರುವವರಿಗೆ ಬರವೇ ಇರಲಿಲ್ಲ. ಅಜ್ಜಿ, ಸೋದರತ್ತೆ, ಪಕ್ಕದ ಮನೆಯ ಹುಡುಗಿ, ಯಾರ ಸೊಂಟವಾದರೂ ಆದೀತು. ಮನೆಯೊಳಗೆ ತೊಟ್ಟಿಲು, ಹೊಲದಲ್ಲಿ ಮರದ ಕೊಂಬೆಗೆ ಕಟ್ಟಿದ ಹಳೆಯ ಸೀರೆಯ ಜೋಲಿ. ಗಾಲಿಯುಳ್ಳ ವಸ್ತುವೆಂದರೆ ನಡೆಯಲು ಕಲಿಯುವ ಮಗು ಹಿಡಿದು ತಳ್ಳುವ ಮೂರು ಗಾಲಿಯ ಮರದ ಗಾಡಿ ಒಂದೇ. ಚನ್ನಪಟ್ಟಣದ ಅರಗಿನ ಬಣ್ಣದ ಗಾಡಿಯೊಂದು ನಮ್ಮ ಮನೆಯಲ್ಲೂ ಇತ್ತು. ಅಲ್ಲಿ ಗಾಡಿ ಮಗುವನ್ನು ಹೊರುವುದಿಲ್ಲ, ಮಗುವೇ ಗಾಡಿಯನ್ನು ತಳ್ಳುತ್ತದೆ. ಅದು ಹೊಸಿಲು ದಾಟುತ್ತಿರಲಿಲ್ಲ, ದಾಟಬೇಕೆಂದು ಯಾರೂ ಬಯಸುತ್ತಲೂ ಇರಲಿಲ್ಲ. ಹೊಸಿಲೇ ಅದಕ್ಕೆ ಬೇಲಿ.

ಕೂಸನ್ನು ಗಾಡಿಯಲ್ಲಿ ಮಲಗಿಸುವ ಪದ್ಧತಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿ 1733ರಲ್ಲಿ ಡೆವನ್‌ಶೈರಿನ ಡ್ಯೂಕ್ ದೊರೆಯ ಮಕ್ಕಳಿಗಾಗಿ ಚಿಪ್ಪಿನಾಕಾರದ ಒಂದು ಗಾಡಿ ಮಾಡಿದನು; ಅದನ್ನು ಎಳೆಯುತ್ತಿದ್ದುದು ಮೇಕೆಯಂತಹ ಸಣ್ಣ ಪ್ರಾಣಿ. ಮುಂದಿನ ಶತಮಾನದಲ್ಲಿ ಹಿಂದಿನಿಂದ ತಳ್ಳುವ ಹಿಡಿ ಬಂದಿತು. ಆ ಭಾರದ ಪ್ರಾಂಗಳು ದೊರೆಗಳೊಡನೆ ಹಡಗೇರಿ ನಮ್ಮ ದೇಶಕ್ಕೂ ಬಂದವು. ಬಿಳಿಯರ ಬಂಗಲೆಗಳ ತೋಟದ ಸಮತಟ್ಟು ಹಾದಿಯಲ್ಲಿ ಆಯಾಗಳು ಅವನ್ನು ತಳ್ಳಿದರು. ನಮ್ಮ ಜಗಲಿಗಳ ಸಹವಾಸಕ್ಕೆ ಅವು ಬರಲಿಲ್ಲ.

ಇಂದಿನ ಮಡಚುವ ಗಾಡಿಯ ಕಥೆ ನನಗೆ ಬಹಳ ಹಿಡಿಸಿತು, ಏಕೆಂದರೆ ಅದು ಒಬ್ಬ ತಾತನ ಕಥೆ. ಓವೆನ್ ಮೆಕ್ಲಾರೆನ್ ಎಂಬಾತ ವಿಮಾನದ ಇಂಜಿನಿಯರ್; ಎರಡನೆಯ ಮಹಾಯುದ್ಧದ ಪ್ರಸಿದ್ಧ ಸ್ಪಿಟ್‌ಫೈರ್ ವಿಮಾನದ ಚಕ್ರದ ಕಾಲುಗಳನ್ನು ರೂಪಿಸುವುದರಲ್ಲಿ ಪಾಲುಗೊಂಡಿದ್ದವನು. ಮಾಸ್ಕೋದಲ್ಲಿದ್ದ ಮಗಳು ಮೊಮ್ಮಗುವಿನೊಡನೆ ತವರಿಗೆ ಬಂದಾಗ, ಭಾರದ ಪ್ರಾಂ ಸಾಗಿಸಲು ಅವಳು ಪಡುತ್ತಿದ್ದ ಪಾಡನ್ನು ಕಂಡನು. ವಿಮಾನದ ಕಾಲು ಹೊಟ್ಟೆಯೊಳಗೆ ಮಡಚಿಕೊಳ್ಳುವುದಾದರೆ ಕೂಸಿನ ಗಾಡಿ ಏಕೆ ಮಡಚಬಾರದು? 1965ರಲ್ಲಿ ಹಗುರವಾದ ಅಲ್ಯೂಮಿನಿಯಂ ಕೊಳವೆಗಳಿಂದ, ಕೊಡೆಯಂತೆ ಮಡಚುವ, ಸುಮಾರು ಮೂರು ಕಿಲೋಗಿಂತಲೂ ಕಡಿಮೆ ತೂಕದ ಗಾಡಿಯನ್ನು ಮಾಡಿದನು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಗಾಡಿ. ಮೆಟ್ಟಿಲಿಗೆ ಮನುಷ್ಯ ಕೊಟ್ಟ ಉತ್ತರಗಳಲ್ಲಿ ಇದು ಜಾಣತನದ್ದು. ನಮ್ಮ ಮಗಳ ಗಾಡಿಯೂ ಮಡಚುವಂಥದೇ. ಆದರೆ ಅದಕ್ಕೆ ಸೇರಿಸಿದ ಮೆತ್ತೆ, ಚಪ್ಪರ, ಚೀಲಗಳ ದೆಸೆಯಿಂದ ಆ ಹಗುರವೆಲ್ಲ ಹಾರಿಹೋಗಿತ್ತು.

ಇರಲಿ. ಹಬ್ಬದ ಮಾರನೆಯ ಸಂಜೆ ನಡೆದುದನ್ನು ಹೇಳಬೇಕು. ಕೂಸನ್ನು ಗಾಡಿಯಲ್ಲಿ ಕೂರಿಸಿಕೊಂಡು ನಾನು ಜಗಲಿಯ ಮೇಲೆ ಬೀದಿ ತೋರಿಸುತ್ತಿದ್ದೆ. ಯಾರೋ ಹಳೆಯ ವಿದ್ಯಾರ್ಥಿ "ನಮಸ್ಕಾರ ಸಾರ್" ಎಂದನು. ಹಿಡಿಯಿಂದ ಕೈ ತೆಗೆದು ನಮಸ್ಕರಿಸಿದೆ. ಅಷ್ಟೇ ಹೊತ್ತು. ಗಾಡಿ ತಾನಾಗಿ ಚಲಿಸಿ ಜಗಲಿಯ ಅಂಚಿಗೆ ಹೋಗಿತ್ತು. ಮುಂದಿನ ಒಂದು ಗಾಲಿ ಮೊದಲ ಮೆಟ್ಟಿಲ ಮೇಲಿನ ಗಾಳಿಯಲ್ಲಿ ತಿರುಗುತ್ತಿತ್ತು; ಅದರ ಚೌಕಟ್ಟು ಜಗಲಿಯ ಕಂಬಕ್ಕೆ ಸಿಕ್ಕಿಕೊಂಡದ್ದರಿಂದ ನಿಂತಿತ್ತು. ಕೂಸು ನಗುತ್ತಿತ್ತು. ನನ್ನ ಕಾಲುಗಳಲ್ಲಿ ಬಲವಿರಲಿಲ್ಲ. ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದಾಗ ಐಸೆನ್‌ಸ್ಟೈನನ 1925ರ 'ಬ್ಯಾಟಲ್‌ಷಿಪ್ ಪೊಟೆಮ್ಕಿನ್' ಚಿತ್ರ ನೋಡಿದ್ದೆ. ಒಡೆಸ್ಸಾ ನಗರದ ಮಹಾಸೋಪಾನದ ಮೇಲೆ ತಾಯಿ ಗುಂಡೇಟಿಗೆ ಬಿದ್ದಾಗ ಕೂಸಿನ ಗಾಡಿ ತಾನೇ ಉರುಳಿಕೊಂಡು ಇಳಿಯುವ ದೃಶ್ಯ ಅದರಲ್ಲಿದೆ. ಆ ರಾತ್ರಿಯೆಲ್ಲ ಅದೇ ಕಣ್ಣೆದುರಿಗೆ.

ಬೆಳಗ್ಗೆ ಒಂದು ಗೋಲಿಯನ್ನು ಜಗಲಿಯ ಮೇಲಿಟ್ಟು ನೋಡಿದೆ. ಅದು ನೇರವಾಗಿ ಬೀದಿಗೆ ಉರುಳಿತು. ಮಳೆನೀರು ನಿಲ್ಲದಿರಲೆಂದು ತಾತನವರು ಜಗಲಿಗೆ ಬೀದಿಯ ಕಡೆಗೆ ವಾಟ ಕೊಟ್ಟಿದ್ದರು. ಕೂತವರಿಗೂ ಮಲಗಿದವರಿಗೂ ತಿಳಿಯದ ಆ ಇಳುಕಲು ಗಾಲಿಗೆ ತಿಳಿಯಿತು. ಎತ್ತಿನ ಗಾಡಿ ನಿಲ್ಲಿಸಿದೊಡನೆ ಗಾಲಿಗೆ ಕಲ್ಲು ಕೊಡುವುದನ್ನು, ತೇರಿನ ಗಾಲಿಗೆ ಅಡ್ಡಲಾಗಿ ಮರದ ತುಂಡು ಹಾಕುವುದನ್ನು ಹುಟ್ಟಿದಂದಿನಿಂದ ನೋಡಿದ್ದರೂ ಈ ಪುಟ್ಟ ಗಾಡಿಗೆ ತಡೆ ಹಾಕಬೇಕೆಂದು ನನಗೆ ತೋಚದೆ ಹೋಯಿತಲ್ಲ!

ಅಂದಿನಿಂದ ಮನೆಯಲ್ಲಿ ಕ್ರಮ ಬದಲಾಯಿತು. ನಿಂತ ಗಾಡಿ ಅಂಚಿಗೆ ಸಮಾನಾಂತರವಾಗಿರಬೇಕು, ತಡೆ ಹಾಕಿರಬೇಕು. ಮೆಟ್ಟಿಲಿಳಿಯುವಾಗ ಕೂಸು ಗಾಡಿಯಲ್ಲಿರಕೂಡದು. ಒಬ್ಬರೇ ಇದ್ದರೆ ಕೂಸನ್ನು ಒಳಗೆ ತೊಟ್ಟಿಲಲ್ಲಿ ಬಿಟ್ಟು ಮೊದಲು ಗಾಡಿಯನ್ನು ಇಳಿಸಿ, ತಡೆ ಹಾಕಿ, ಆಮೇಲೆ ಕೂಸನ್ನು ತರುವುದು. ಹಿಂತಿರುಗಿದಾಗ ಕೂಸು ಮೊದಲು ಒಳಗೆ, ಗಾಡಿ ಆಮೇಲೆ. ಕೂಸು ಸಹಿತ ಎತ್ತಲೇಬೇಕಾದರೆ ಇಬ್ಬರು ಬೇಕು. ಗಾಡಿಯ ಬೆನ್ನು ಮನೆಯ ಕಡೆಗಿರಬೇಕು, ಒಬ್ಬರು ಮೇಲಿನ ಮೆಟ್ಟಿಲಿನಿಂದ ಹಿಡಿಯನ್ನು, ಇನ್ನೊಬ್ಬರು ಕೆಳಗಿನಿಂದ ಮುಂದಿನ ಚೌಕಟ್ಟನ್ನು ಹಿಡಿಯಬೇಕು.

ಇಷ್ಟಕ್ಕೆ ಸಮಾಧಾನವಾಗದೆ ಗಾರೆಯವನನ್ನು ಕರೆಸಿದೆ. ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಕಟ್ಟಲು ಸಾಧ್ಯವೇ ಎಂದು ಕೇಳಿದೆ. ಐದು ಮೆಟ್ಟಿಲು, ತಲಾ ಏಳು ಅಂಗುಲ. ಒಟ್ಟು ಎತ್ತರ ಮೂವತ್ತೈದು ಅಂಗುಲ. ಗಾಲಿಕುರ್ಚಿಗೆ ಹೇಳುವ ಪ್ರಮಾಣ ಒಂದಕ್ಕೆ ಹನ್ನೆರಡು. ಎಂದರೆ ಮೂವತ್ತೈದು ಅಡಿ ಉದ್ದದ ಇಳಿಜಾರು ಬೇಕು. ನಮ್ಮ ಬೀದಿಯ ಅಗಲವೇ ಇಪ್ಪತ್ತು ಅಡಿ. "ಮೇಷ್ಟ್ರೇ, ಎದುರುಮನೆ ಜಗಲಿ ಮೇಲಕ್ಕೆ ಹೋಗ್ತದೆ" ಎಂದು ಅವನು ನಕ್ಕನು. ಸ್ಕೂಟರು ಹತ್ತಿಸಲು ಎಲ್ಲರೂ ಹಾಕಿಸುವ ಕಡಿದಾದ ಸಿಮೆಂಟಿನ ಇಳಿಜಾರು ಹಾಕಿಕೊಡುತ್ತೇನೆಂದನು. ಅದು ಮೆಟ್ಟಿಲಿಗಿಂತಲೂ ಅಪಾಯವೆಂದು ಬೇಡವೆಂದೆ.

ಮಾತಾಡುತ್ತ ಹಿತ್ತಿಲಿಗೆ ಹೋದೆವು. ಹಿಂದಿನ ಓಣಿ ಬೀದಿಗಿಂತ ಎತ್ತರದಲ್ಲಿದೆ. ಅಲ್ಲಿ ಕೊಟ್ಟಿಗೆಯ ಬಾಗಿಲಿಗೆ ಮೆಟ್ಟಿಲೇ ಇಲ್ಲ! ದನ ಹತ್ತಿಳಿಯಲೆಂದು ಉದ್ದದ ಕಲ್ಲು ಚಪ್ಪಡಿಗಳನ್ನು ಓರೆಯಾಗಿ ಹಾಸಿ, ಗೊರಸು ಜಾರದಿರಲೆಂದು ಉಳಿಯಿಂದ ಅಡ್ಡ ಗೀರುಗಳನ್ನು ಹೊಡೆದಿದ್ದಾರೆ. ಒಂದಡಿ ಎತ್ತರಕ್ಕೆ ಒಂಬತ್ತು ಅಡಿ ಉದ್ದ. ಗರ್ಭ ಧರಿಸಿದ ಹಸು ಮೆಟ್ಟಿಲಲ್ಲಿ ಎಡವೀತೆಂದು ಯೋಚಿಸಿದ ನಮ್ಮ ಹಿರಿಯರು, ಎಂಬತ್ತು ವರ್ಷ ಬದುಕಿದ ನಮ್ಮ ಅಜ್ಜಿ ಕೊನೆಯ ಆರು ವರ್ಷ ಬೀದಿಗೆ ಇಳಿಯಲಾಗದೆ ಕಿಟಕಿಯಲ್ಲೇ ಕುಳಿತು ತೇರು ನೋಡಿದುದನ್ನು ಏಕೆ ಯೋಚಿಸಲಿಲ್ಲವೋ! ಗಾರೆಯವನು ಇನ್ನೂ ಮೂರು ಅಡಿ ಚಪ್ಪಡಿ ಸೇರಿಸಿ ಹನ್ನೆರಡು ಮಾಡಿಕೊಟ್ಟನು. ಕೂಸಿನ ಗಾಡಿ ಈಗ ಕೊಟ್ಟಿಗೆಯ ಬಾಗಿಲಿನಿಂದ ಸಲೀಸಾಗಿ ಓಡಾಡುತ್ತದೆ. ಮಂಡಿನೋವಿನ ನನ್ನ ಮನೆಯಾಕೆಯೂ ಅದೇ ದಾರಿ ಹಿಡಿದಿದ್ದಾಳೆ.

ಹಿರಿಯರನ್ನು ದೂರಿದೆನಲ್ಲ, ನನ್ನ ಲೆಕ್ಕವನ್ನೂ ಒಪ್ಪಿಸಬೇಕು. 1991ರ ಸುಮಾರಿಗೆ ನಾನು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಎಂಟನೆಯ ತರಗತಿಗೆ ಪೋಲಿಯೋದಿಂದ ಎರಡು ಕಾಲೂ ಸೋತ ಒಬ್ಬ ಹುಡುಗ ಸೇರಿದ್ದನು. ಗಣಿತದಲ್ಲಿ ಚುರುಕು. ಶಾಲೆಗೆ ಆರು ಮೆಟ್ಟಿಲು. ಗೆಳೆಯರು ಅವನನ್ನು ಎತ್ತಿಕೊಂಡು ಹತ್ತುತ್ತಿದ್ದರು. ಎಷ್ಟು ಒಳ್ಳೆಯ ಮಕ್ಕಳು ಎಂದು ನಾನು ಪ್ರಾರ್ಥನಾ ಸಭೆಯಲ್ಲಿ ಹೊಗಳಿದ್ದೆ. ಆ ಹೊಗಳಿಕೆ ಕೇಳುವಾಗ ಅವನು ತಲೆ ತಗ್ಗಿಸಿದ್ದು ಈಗ ನೆನಪಾಗುತ್ತದೆ. ನೀರು ಕುಡಿಯಲು, ಹೊರಗೆ ಹೋಗಲು ಪ್ರತಿಸಲವೂ ಯಾರನ್ನೋ ಕರೆಯಬೇಕಿತ್ತು. ಒಂಬತ್ತನೆಯ ತರಗತಿಯ ನಡುವೆ ಅವನು ಬರುವುದು ನಿಂತಿತು. ಹಾಜರಿ ಪುಸ್ತಕದಲ್ಲಿ 'ದೀರ್ಘ ಗೈರುಹಾಜರಿ' ಎಂದು ಬರೆದು ಹೆಸರು ತೆಗೆದವನು ನಾನೇ. ಅಂಗವಿಕಲರ ಕಾಯ್ದೆ ಬಂದದ್ದು 1995ರಲ್ಲಿ, ನಿಜ. ಆದರೆ ಆ ವರ್ಷವೇ ಶಾಲೆಯ ಧ್ವಜಕಟ್ಟೆಗೆ ಎರಡು ಗಾಡಿ ಕಲ್ಲು, ಮರಳು ತರಿಸಿದ್ದೆವು. ಅದರಲ್ಲಿ ಒಂದು ಪಾಲು ಸಾಕಿತ್ತು. ಶಾಲೆಯ ಮುಂದೆ ಬಯಲಿಗೇನೂ ಕೊರತೆಯಿರಲಿಲ್ಲ.

ಅವನನ್ನು ಎತ್ತಿಕೊಂಡು ಹತ್ತುತ್ತಿದ್ದವರಲ್ಲಿ ಕೆಲವರು ಇದನ್ನು ಓದುತ್ತೀರೆಂದು ಬಲ್ಲೆ. ಈಗ ನಿಮಗೆಲ್ಲ ನಲವತ್ತೈದು ದಾಟಿರಬೇಕು. ಅವನು ಎಲ್ಲಿದ್ದಾನೆ, ಏನು ಮಾಡಿಕೊಂಡಿದ್ದಾನೆ ಎಂಬುದು ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ನನಗೆ ತಿಳಿಸಿ. ಅವನಿರುವಲ್ಲಿಗೆ ನಾನೇ ಬರುತ್ತೇನೆ.