ಗಾದಿಯ ಮೇಲೆ ಕುಳಿತು ಚಿತ್ರ ಬರೆದ ಅರಸ



ರಾಜ್ಯವಾಳಿದವರ ಹವ್ಯಾಸವೆಂದರೆ ಬೇಟೆ, ಕುದುರೆ, ಸಂಗೀತ ಇವೇ ನೆನಪಿಗೆ ಬರುತ್ತವೆ. ಬಣ್ಣದ ಬಟ್ಟಲು ಮುಂದಿಟ್ಟುಕೊಂಡು ಕುಂಚ ಹಿಡಿದವರು ಕಡಿಮೆ. ಇಂಗ್ಲೆಂಡಿನ ಚರ್ಚಿಲ್ 1896ರಲ್ಲಿ ಎಳೆಯ ಅಧಿಕಾರಿಯಾಗಿ ಬೆಂಗಳೂರಿನ ದಂಡಿಗೆ ಬಂದಾಗ ಪೋಲೋ ಆಡಿದರು, ಪುಸ್ತಕ ಓದಿದರು. ಬಣ್ಣ ಮುಟ್ಟಿದ್ದು ಮಾತ್ರ 1915ರಲ್ಲಿ, ಡಾರ್ಡನೆಲ್ಸ್ ದಾಳಿ ಕೆಟ್ಟು ನೌಕಾ ಖಾತೆ ಕೈತಪ್ಪಿದ ಮೇಲೆ. ನಮ್ಮ ಪ್ರಧಾನಿಯಾಗಿದ್ದ ವಿ.ಪಿ. ಸಿಂಗ್ ಅವರೂ 1990ರಲ್ಲಿ ಅಧಿಕಾರ ಹೋದ ನಂತರದ ವರ್ಷಗಳಲ್ಲಿ, ಕಾಯಿಲೆಯ ನಡುವೆಯೇ ಚಿತ್ರ ಬರೆಯುತ್ತಿದ್ದರು. ಇವರಿಗೆಲ್ಲ ಕುರ್ಚಿ ಹೋದಾಗ ಕುಂಚ ಜೊತೆಯಾಯಿತು. ಆದರೆ ಗಾದಿಯ ಮೇಲಿದ್ದಾಗಲೇ ಚಿತ್ರ ಬರೆದು, ಮುಂದೆ ತಮ್ಮ ಅಧಿಕಾರವನ್ನೇ ಬಿಟ್ಟುಕೊಟ್ಟ ಅರಸರೊಬ್ಬರಿದ್ದರು. ಅವರ ಪ್ರಜೆಗಳಲ್ಲಿ ಕನ್ನಡಿಗರೂ ಇದ್ದರು.

ಸಾತಾರದ ಕಡೆಗೆ ಔಂಧ ಎಂಬ ಸಣ್ಣ ಸಂಸ್ಥಾನವಿತ್ತು. 72 ಹಳ್ಳಿ, 501 ಚದರ ಮೈಲಿ. ಅದೂ ಒಂದೇ ಕಡೆಯಲ್ಲ. ಕೈಯಿಂದ ಚೆಲ್ಲಿದ ಕಾಳಿನಂತೆ ಅಲ್ಲೊಂದು ತುಣುಕು, ಇಲ್ಲೊಂದು ತುಣುಕು. ಔಂಧ, ಕುಂಡಲ, ಆಟಪಾಡಿ ಮರಾಠಿ ನಾಡಿನಲ್ಲಿ. ನಾಲ್ಕನೆಯದು ಗುಣದಾಳ. ಅದು ವಿಜಾಪುರ ಜಿಲ್ಲೆಯ ಒಳಗೆ, ಸುತ್ತಲೂ ಬ್ರಿಟಿಷರ ನೆಲವಿದ್ದ ಕನ್ನಡದ ತುಣುಕು. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ನಮಗೆ ಇಂಥ ಬದುಕನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಮಾತು ಒಂದು, ದರಬಾರಿನ ಮಾತು ಇನ್ನೊಂದು.

1909ರಲ್ಲಿ ಔಂಧದ ಗಾದಿಗೆ ಬಂದವರು ಭವಾನರಾವ್ ಪಂತ ಪ್ರತಿನಿಧಿ. ಜನರ ಬಾಯಲ್ಲಿ ಬಾಳಾಸಾಹೇಬ. ಹುಟ್ಟಿದ್ದು 1868. ಬಿ.ಎ. ಓದಿದವರು, ಕೀರ್ತನೆ ಮಾಡುವವರು, ಸೂರ್ಯನಮಸ್ಕಾರವನ್ನು ಶಾಲೆಯ ಮಕ್ಕಳಿಗೆಲ್ಲ ಕಲಿಸಿದವರು. ಇವೆಲ್ಲದರ ಜೊತೆಗೆ ಚಿತ್ರ. ರಾಮಾಯಣದ ಕಥೆಯನ್ನು ಚಿತ್ರಗಳ ಸಾಲಾಗಿ ಬರೆದು 1916ರಲ್ಲಿ ಪುಸ್ತಕ ಮಾಡಿದರು. ಅಜಂತಾ ಗುಹೆಗಳ ಮೇಲೆ ಅವರ ಕೈಪಿಡಿಯೊಂದು 1932ರಲ್ಲಿ ಬಂತು. ಅಜಂತಾ ಆಗ ನಿಜಾಮರ ರಾಜ್ಯದಲ್ಲಿತ್ತು, ನಮ್ಮೂರುಗಳೂ ಅದೇ ರಾಜ್ಯದಲ್ಲಿದ್ದವು. ಅಂದರೆ ಆ ಅರಸರು ಚಿತ್ರದ ಪಾಠ ಕಲಿಯಲು ನಮ್ಮ ಸರ್ಕಾರದ ಗುಹೆಗಳಿಗೇ ಬಂದರು ಎನ್ನಬಹುದು!

ಅವರ ದೊಡ್ಡ ಕೆಲಸ ಮಹಾಭಾರತದ್ದು. 1918ರ ಜುಲೈನಲ್ಲಿ ಪುಣೆಯ ಭಾಂಡಾರಕರ ಸಂಸ್ಥೆಯ ಸಭೆಯಲ್ಲಿ ಅವರು ಎದ್ದು, ಮಹಾಭಾರತದ ಶುದ್ಧಪಾಠವನ್ನು ಚಿತ್ರಗಳ ಸಮೇತ ಹೊರತನ್ನಿ, ವರ್ಷ ವರ್ಷ ಕಂತಿನಲ್ಲಿ ಒಂದು ಲಕ್ಷ ರೂಪಾಯಿ ಕೊಡುತ್ತೇನೆ ಎಂದರು. ವಿದ್ವಾಂಸರು ದೇಶದ ನಾನಾ ಲಿಪಿಗಳ ಓಲೆಗಳನ್ನು ತರಿಸಿದರು. ನಮಗೆ ದಿನವೂ ಕಣ್ಣಿಗೆ ಬೀಳುವ ತೆಲುಗು ಲಿಪಿಯವೂ ಅವುಗಳಲ್ಲಿದ್ದವು. ಕೆಲಸ ಮುಗಿದದ್ದು 1966ರಲ್ಲಿ. ಆ ಗ್ರಂಥದ ಮೊದಲ ಪುಟದಲ್ಲಿ ಸಂಪಾದಕ ಸುಖಠಣಕರರ ಹೆಸರಿನ ಜೊತೆಗೆ, ಪ್ರಾಚೀನ ಮಾದರಿಗಳನ್ನು ನೋಡಿ ಚಿತ್ರ ಬರೆದವರು ಎಂದು ಔಂಧದ ಅರಸರ ಹೆಸರೂ ಇದೆ. ದಾನಿಯ ಹೆಸರು ಪುಸ್ತಕದಲ್ಲಿ ಬರುವುದು ಸಾಮಾನ್ಯ. ಕೆಲಸಗಾರನಾಗಿ ಅರಸನ ಹೆಸರು ಬರುವುದು ಅಪರೂಪ.

ಆ ಚಿತ್ರಗಳು ಮಹಾ ಕಲೆಯೇ? ನನಗೆ ಹಾಗೆನಿಸುವುದಿಲ್ಲ. ಶ್ರದ್ಧೆಯಿದೆ, ಅಭ್ಯಾಸವಿದೆ, ರವಿವರ್ಮನ ಕಾಲದ ಗಾಳಿಯೂ ಇದೆ. ಅದಕ್ಕಿಂತ ಗಟ್ಟಿಯಾದ ಪ್ರಶ್ನೆ ಬೇರೆ. ಆಟಪಾಡಿಯಂಥ ಬರಡು ಸೀಮೆಯನ್ನು ಆಳುವವರು ಚಿತ್ರಕ್ಕೆಂದು ಲಕ್ಷ ರೂಪಾಯಿ ಕೊಡಬಹುದೇ? 1918ರ ಲಕ್ಷ ಇವತ್ತಿನ ಲಕ್ಷವಲ್ಲ. ರೈತ ಈ ಪ್ರಶ್ನೆ ಕೇಳಿದ್ದರೆ ತಪ್ಪೇನೂ ಇರುತ್ತಿರಲಿಲ್ಲ. ಆದರೆ ಆಗ ಕೇಳುವ ಹಕ್ಕೇ ಅವನಿಗಿರಲಿಲ್ಲ.

ಚಿತ್ರದ ಗೀಳಿನವರನ್ನು ಗುರುತಿಸುವ ಕಣ್ಣೂ ಆ ಅರಸರಿಗಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಗೆ ಹೋದದ್ದು ಚಿತ್ರಕಲೆ ಕಲಿಯಲು. ಬಣ್ಣಗಳ ಭೇದ ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲವೆಂದು ಗೊತ್ತಾಗಿ ಯಂತ್ರಗಳ ಕಡೆಗೆ ತಿರುಗಿದರು. ಬೆಳಗಾವಿಯಲ್ಲಿ ನೆಲೆ ತಪ್ಪಿದಾಗ 1910ರಲ್ಲಿ ಕುಂಡಲದ ಹತ್ತಿರ ಜಾಗ ಕೊಟ್ಟವರು ಬಾಳಾಸಾಹೇಬರೇ. ಕಬ್ಬಿಣದ ನೇಗಿಲಿನ ಕಿರ್ಲೋಸ್ಕರವಾಡಿ ಬೆಳೆದದ್ದು ಆ ನೆಲದ ಮೇಲೆ.

ಇನ್ನು ಗಾದಿಯ ಮಾತು. 1938ರಲ್ಲಿ ಎಪ್ಪತ್ತು ತುಂಬಿದಾಗ ಅರಸರು ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸುವುದಾಗಿ ಸಾರಿದರು. ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯಲ್ಲಿದ್ದ ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರೀಡ್ಮನ್ ಮತ್ತು ಅರಸರ ಮಗ ಅಪ್ಪಾಸಾಹೇಬ ಪಂತ ಗಾಂಧೀಜಿಯ ಹತ್ತಿರ ಹೋಗಿ ಸಂವಿಧಾನದ ರೂಪ ಮಾಡಿಸಿಕೊಂಡು ಬಂದರು. 1939ರ ಜನವರಿಯಲ್ಲಿ ಅದು ಜಾರಿಗೆ ಬಂತು. ಹಳ್ಳಿಗೊಂದು ಐವರ ಪಂಚಾಯತಿ, ಅದರ ಮೇಲೆ ತಾಲೂಕು ಸಮಿತಿ, ಅದರ ಮೇಲೆ ಶಾಸನಸಭೆ. ಲಕ್ಷ ರೂಪಾಯಿಯ ಪ್ರಶ್ನೆ ಕೇಳುವ ಹಕ್ಕು ಈಗ ರೈತನ ಕೈಗೆ ಬಂತು. ನಿಜಾಮರ ರಾಜ್ಯದಲ್ಲಿ ಅದರ ಹಿಂದಿನ ವರ್ಷವಷ್ಟೇ ಸ್ಟೇಟ್ ಕಾಂಗ್ರೆಸ್ಸನ್ನು ನಿಷೇಧಿಸಿದ್ದರು. ಹೀಗೆ ನಮ್ಮ ಹಿರಿಯರಿಗೆ ಸಭೆ ಕೂಡುವುದೇ ಕಷ್ಟವಾಗಿದ್ದಾಗ, ಗುಣದಾಳದ ಕನ್ನಡ ರೈತರಿಗೆ ತಮ್ಮೂರಿನ ಪಂಚರನ್ನು ಆರಿಸುವ ಅಧಿಕಾರ ಸಿಕ್ಕಿತ್ತು.

ಔಂಧದ ಪ್ರಯೋಗದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕಗಳಿವೆ. ಅದು ಮರಾಠಿ ಅರಸರ ಕಥೆಯೆಂದೇ ನಮಗೆ ಗೊತ್ತು. ಆ ಪ್ರಯೋಗದ ನಾಲ್ಕರಲ್ಲೊಂದು ತಾಲೂಕು ಕನ್ನಡದ್ದು ಎಂಬುದನ್ನು ನಾವು ಕನ್ನಡಿಗರೂ ಲೆಕ್ಕಕ್ಕೆ ಹಿಡಿದಿಲ್ಲ. ಗಡಿಯ ತುಣುಕುಗಳ ಹಣೆಬರಹವೇ ಹೀಗೆ. ಆ ಕಡೆಯ ಚರಿತ್ರೆಯಲ್ಲಿ ಅಡಿಟಿಪ್ಪಣಿ, ಈ ಕಡೆಯದರಲ್ಲಿ ಅದೂ ಇಲ್ಲ. ಗುಣದಾಳದ ಹಿರಿಯರು ಆ ಒಂಬತ್ತು ವರ್ಷಗಳ ನೆನಪನ್ನು ಮಕ್ಕಳಿಗೆ ಹೇಳಿದ್ದರೆ, ಅದನ್ನು ಕನ್ನಡದಲ್ಲಿ ಬರೆದಿಡುವ ಕೆಲಸ ಈಗಲಾದರೂ ಆಗಬೇಕು.

1948ರ ಮಾರ್ಚಿನಲ್ಲಿ ಔಂಧ ಮುಂಬಯಿ ಪ್ರಾಂತಕ್ಕೆ ಸೇರಿತು. ಬಾಳಾಸಾಹೇಬರು 1951ರಲ್ಲಿ ತೀರಿಕೊಂಡರು. 1956ರ ನವೆಂಬರಿನಲ್ಲಿ ಗುಣದಾಳ ಮೈಸೂರು ರಾಜ್ಯಕ್ಕೆ ಹೋಯಿತು. ಅದೇ ದಿನ ನಾವು ಆಂಧ್ರಪ್ರದೇಶಕ್ಕೆ ಬಂದೆವು.

ಸಾತಾರದ ಕಡೆ ಹೋಗುವವರಿದ್ದರೆ ಔಂಧದ ಗುಡ್ಡ ಹತ್ತಿ. ಮೇಲೆ ಯಮಾಯಿ ದೇವಿಯ ಗುಡಿ. ಗುಡಿಯ ದಾರಿಯಲ್ಲಿಯೇ ಅರಸರು 1938ರಲ್ಲಿ ಕಟ್ಟಿಸಿದ ಚಿತ್ರಶಾಲೆ ಸಿಗುತ್ತದೆ. ಇಂಗ್ಲೆಂಡಿನ ಹೆನ್ರಿ ಮೂರ್ ಕಡೆದ ತಾಯಿ-ಮಗುವಿನ ಕಲ್ಲಿನ ಶಿಲ್ಪವೂ ಅಲ್ಲಿದೆ, ಅರಸರ ಕೈಯ ಚಿತ್ರಗಳೂ ಇವೆ.